ತುಂತುರು ಮಳೆಯಲ್ಲಿ ಹಕ್ಕಿಗಳು ಕಾಣುತ್ತವೆಯೇ?

ಮೋಡ ಕವಿದ ಮುಂಜಾವಿನಲ್ಲಿ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಗುಡ್ಡದ ಹಾದಿ ಹಿಡಿಯುವ ನನ್ನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ಮಳೆ ಬಂದರೆ ಹಕ್ಕಿಗಳು ಗೂಡು ಸೇರುವುದಿಲ್ಲವೇ, ಅಲ್ಲಿ ನಿಮಗೆ ಕಾಣುವುದಾದರೂ ಏನು?

ಬಹುಪಾಲು ಹಕ್ಕಿಗಳಿಗೆ ಗೂಡು ಬೇಕಾಗುವುದು ಮೊಟ್ಟೆಯಿಟ್ಟು ಮರಿ ಬೆಳೆಸುವ ದಿನಗಳಲ್ಲಿ ಮಾತ್ರ. ಮಳೆ ಬಿರುಸಾದಾಗ ಅವು ಎಲೆಗಳ ಮರೆಗೆ ಸರಿದು, ಗರಿಗಳನ್ನು ಮೈಗೆ ಒತ್ತಿಕೊಂಡು, ನೆಟ್ಟಗೆ ಕುಳಿತು ಕಾಯುವುದು ನಿಜ. ತುಂತುರಿಗೂ ಹಾಗೆಯೇ ಕುಳಿತುಬಿಟ್ಟರೆ ಹೊಟ್ಟೆ ತುಂಬುವುದಿಲ್ಲ. ಮೈಬಿಸಿಯನ್ನು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಉಳಿಸಿಕೊಳ್ಳಬೇಕಾದ, ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕ ಜೀವಕ್ಕೆ ತಂಪು ಹೊತ್ತಿನಲ್ಲಿ ಆಹಾರ ಇನ್ನೂ ಹೆಚ್ಚೇ ಬೇಕು. ಅಂಥ ಹವೆಯಲ್ಲಿ ಹಾರುವ ಕೀಟಗಳು ಕೆಳಗಿಳಿಯುವುದರಿಂದ ಕವಲುತೋಕೆ ಹಕ್ಕಿಗಳೂ ಅವುಗಳ ಬೆನ್ನಟ್ಟಿ ಹುಲ್ಲಿನ ಇಳಿಜಾರನ್ನು ಸವರಿಕೊಂಡೇ ಹಾರುತ್ತವೆ. ಬಿಸಿಗಾಳಿಯ ಆಸರೆ ಸಿಗದ ಹದ್ದು, ಗಿಡುಗಗಳು ಬೋಳು ಕೊಂಬೆಯ ಮೇಲೆ ಬಹಳ ಹೊತ್ತು ಕುಳಿತಿರುತ್ತವೆ; ಬಿಸಿಲಿನ ದಿನ ಆಕಾಶದ ಚುಕ್ಕೆಯಾಗಿ ಕಾಣುವ ಹಕ್ಕಿಯ ಎದೆಯ ಗೆರೆಗಳನ್ನು ಆಗ ನಿಧಾನವಾಗಿ ನೋಡಬಹುದು.

ಗುಡ್ಡವೇ ಏಕೆಂದರೆ, ಇಳಿಜಾರಿನ ಹಾದಿಯಲ್ಲಿ ನಿಂತಾಗ ಕೆಳಗಿನ ಮರಗಳ ನೆತ್ತಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಾಗೊಮ್ಮೆ, ಹತ್ತು ಹೆಜ್ಜೆಯೂ ಇಲ್ಲದಷ್ಟು ಸಮೀಪದಲ್ಲಿ, ಪಿಕಳಾರವೊಂದು ಮೀಯುವುದನ್ನು ನೋಡಿದೆ. ಅದು ಯಾವ ನೀರಿನ ಗುಂಡಿಗೂ ಇಳಿಯಲಿಲ್ಲ. ಹನಿ ತುಂಬಿದ ಅಗಲ ಎಲೆಗಳ ಮೇಲೆಯೇ ಎದೆಯನ್ನೂ ರೆಕ್ಕೆಗಳನ್ನೂ ಉಜ್ಜುತ್ತ ಒಂದೆಲೆಯಿಂದ ಇನ್ನೊಂದಕ್ಕೆ ಜಾರಿತು. ಆಮೇಲೆ ಮೈ ಕೊಡವಿ, ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಗೆ ಕೊಕ್ಕು ತಾಗಿಸಿ, ಗರಿಗಳನ್ನು ಒಂದೊಂದಾಗಿ ಎಳೆದು ಸವರತೊಡಗಿತು. ನೀರನ್ನು ತಡೆಯುವ ಕೆಲಸ ಆ ಎಣ್ಣೆಯದೊಂದೇ ಅಲ್ಲ. ಗರಿಯ ಎಳೆಗಳು ಸೂಕ್ಷ್ಮ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಹನಿ ಒಳಗಿಳಿಯದೆ ಜಾರಿಬೀಳುತ್ತದೆ. ಬಿಚ್ಚಿಹೋದ ಹೆಣಿಗೆಯನ್ನು ಕೊಕ್ಕಿನಿಂದ ಮತ್ತೆ ಕೂಡಿಸುವ ಆ ತಾಳ್ಮೆಯನ್ನು ನೋಡುತ್ತ ನನ್ನ ಬೆನ್ನು ನೆನೆದದ್ದೇ ತಿಳಿಯಲಿಲ್ಲ.

ಸಲಕರಣೆಯ ಬಗ್ಗೆ ಹೇಳುವುದು ಸ್ವಲ್ಪವೇ. ಮಂದ ಬೆಳಕಿನಲ್ಲಿ 10x42ಕ್ಕಿಂತ 8x42 ಬೈನಾಕ್ಯುಲರ್ ಮೇಲು; ಇಲ್ಲಿ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರ್‌ಗಳಲ್ಲಿ. 10x42ರಿಂದ ಹೊರಬರುವ ಬೆಳಕಿನ ವೃತ್ತ 4.2 ಮಿಲಿಮೀಟರ್, 8x42ರದು 5.25; ವೃತ್ತ ಅಗಲವಾದಷ್ಟೂ ಮಂದ ಬೆಳಕಿನಲ್ಲಿ ನೋಟ ಬೆಳಗುತ್ತದೆ. ನೀರು ಒಳಗೆ ಹೋಗದಂಥದ್ದಾಗಿರಲಿ, ಮಸೂರ ಒರೆಸಲು ಒಣಬಟ್ಟೆ ಒಳಜೇಬಿನಲ್ಲಿರಲಿ.

ಆದರೆ ಒಂದು ಸಂದರ್ಭದಲ್ಲಿ ಮಳೆ ಎಷ್ಟೇ ಹಗುರಾಗಿರಲಿ, ಹಕ್ಕಿ ಎಷ್ಟೇ ಅಪರೂಪದ್ದಾಗಿರಲಿ, ನಾನು ಅಲ್ಲಿ ನಿಲ್ಲುವುದಿಲ್ಲ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಪೊದೆಯೊಳಗೆ ಹೋಗದೆ ಹತ್ತಿರದ ರೆಂಬೆಯಲ್ಲಿ ಕೂಗುತ್ತಿದ್ದರೆ, ಗೂಡಿಗೂ ಅದಕ್ಕೂ ನಡುವೆ ನಾನು ನಿಂತಿದ್ದೇನೆ ಎಂದರ್ಥ. ಪುಕ್ಕ ಮೂಡದ ಮರಿಗಳಿಗೆ ತಾಯ್ತಂದೆಯರ ಮೈಯೇ ಕೊಡೆ. ಅದು ಸರಿದರೆ ತಣ್ಣನೆಯ ಹನಿಗಳು ನೇರವಾಗಿ ಅವುಗಳ ಮೇಲೆಯೇ ಬೀಳುತ್ತವೆ. ಆಗ ಬಂದ ಹಾದಿಯಲ್ಲೇ ಸದ್ದಿಲ್ಲದೆ ಹಿಂದಿರುಗುತ್ತೇನೆ.