ಅಪ್ಪನ ಎಂಡೋಸ್ಕೋಪಿ ಮತ್ತು ಒಂದು ಪದಬಂಧ

ಎಂಡೋಸ್ಕೋಪಿ ಮುಗಿಸಿ ಬಂದ ಅಪ್ಪ ಮನೆಗೆ ಬಂದವರಿಗೆಲ್ಲ ಹೇಳಿದ್ದು ಒಂದೇ. "ಇಂಜೆಕ್ಷನ್ ಕೊಟ್ಟರು, ಒಳ್ಳೇ ನಿದ್ದೆ ಬಂತು. ಏನೂ ಗೊತ್ತಾಗಲಿಲ್ಲ."

ನಿದ್ದೆ ಎಲ್ಲಿ ಬಂತು? "ಬಾಯಿ ತೆಗೀರಿ, ಈ ಕಡೆ ತಿರುಗಿ" ಅಂದಾಗ ಸರಿಯಾಗಿಯೇ ಮಾಡಿದರಂತೆ, ಒಳಗಿದ್ದ ಸಿಸ್ಟರ್ ಹೇಳಿದರು. ಹೊರಗೆ ತಂದು ಮಲಗಿಸಿದ ಮೇಲಂತೂ ನನ್ನ ಹತ್ತಿರ ಮಾತೋ ಮಾತು. ಡಾಕ್ಟರ್ ಬಂದು, ಹೊಟ್ಟೆಯಲ್ಲಿ ಸ್ವಲ್ಪ ಊತ ಇದೆ, ನೋವಿನ ಮಾತ್ರೆ ನುಂಗಬೇಡಿ ಎಂದರು. "ಕಾಫಿ ಕುಡಿಯಬಹುದಾ?" ಎಂದು ಅಪ್ಪ ಕೇಳಿದರು. ಸದ್ಯಕ್ಕೆ ಬೇಡ ಎಂದರು. ಅವರು ಹೋಗಿ ಸ್ವಲ್ಪ ಹೊತ್ತಿಗೆ, "ಡಾಕ್ಟರ್ ಯಾವಾಗ ಬರ್ತಾರಮ್ಮಾ?" ಅನ್ನಬೇಕೇ!

ಕೊಟ್ಟದ್ದು ಮಿಡಾಜೋಲಮ್. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಇದು ಹೆಚ್ಚಿಸುತ್ತದೆ. ಹಳೆಯ ನೆನಪಿಗೆ ಏನೂ ಆಗುವುದಿಲ್ಲ. ಸೂಜಿ ಚುಚ್ಚಿದ್ದು, ಅದಕ್ಕೂ ಮುಂಚೆ ಪಾರ್ಕಿಂಗಿನವನ ಜೊತೆ ಜಗಳವಾಡಿದ್ದು, ಎಲ್ಲ ಅಪ್ಪನಿಗೆ ನೆನಪಿದೆ. ಔಷಧ ಏರಿದ ಮೇಲೆ ನಡೆದದ್ದು ಮಾತ್ರ ಉಳಿಯುವುದಿಲ್ಲ. ಹೊಸ ಅನುಭವವನ್ನು ನೆನಪಾಗಿಸುವ ಹಿಪೊಕ್ಯಾಂಪಸ್ ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹೊತ್ತು ಹೋಗಲೆಂದು ಅಲ್ಲೇ ಪೇಪರಿನ ಪದಬಂಧ ಓದಿದ್ದೆ. 'ಆನೆ ಪಳಗಿಸುವ ಆಯುಧ, ಮೂರಕ್ಷರ.' "ಚಾವಟಿ" ಎಂದರು ಅಪ್ಪ. "ಅಲ್ಲಪ್ಪಾ, ಅಂಕುಶ" ಎಂದೆ. ಸಂಜೆ ಮನೆಯಲ್ಲಿ ಬೇಕೆಂದೇ ಅದನ್ನೇ ಕೇಳಿದೆ. ತಟ್ಟನೆ "ಅಂಕುಶ!" ಎಂದರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಪದಬಂಧ ಓದಿದ್ದು ನೆನಪಿದೆಯಾ ಎಂದರೆ, "ಆಸ್ಪತ್ರೆಯಲ್ಲಿ ಯಾರಾದರೂ ಪದಬಂಧ ಬಿಡಿಸ್ತಾರಾ?" ಎಂದು ನನ್ನನ್ನೇ ಬೈದರು.

ಇದೊಂದರಿಂದ ಏನೂ ಸಾಬೀತಾಗುವುದಿಲ್ಲ ಬಿಡಿ. ಅವರಿಗೆ ಮೊದಲೇ ಗೊತ್ತಿದ್ದ ಪದ, ಬೆಳಿಗ್ಗೆ ಮಂಪರಿನಲ್ಲಿ ಹೊಳೆದಿರಲಿಕ್ಕಿಲ್ಲ. ಆದರೆ ಪ್ರಯೋಗಗಳಲ್ಲೂ ಇಂಥದ್ದು ಕಂಡಿದೆ. ಈ ಔಷಧ ಪಡೆದವರಿಗೆ ಒಂದಷ್ಟು ಪದ ತೋರಿಸಿ, ಆಮೇಲೆ ಯಾವ್ಯಾವುದು ಇತ್ತು ಎಂದು ಕೇಳಿದರೆ ತಡಕಾಡುತ್ತಾರೆ. ಅದೇ ಪದಗಳನ್ನು ಅರೆಬರೆ ತೋರಿಸಿ ಪೂರ್ತಿ ಮಾಡಿ ಎಂದರೆ, ಔಷಧ ಪಡೆಯದವರಷ್ಟೇ ಚೆನ್ನಾಗಿ ಮಾಡುವುದುಂಟು. ನೋಡಿದ್ದರ ಪರಿಣಾಮ ಒಳಗೆ ಉಳಿದಿರುತ್ತದೆ, ನೋಡಿದ ನೆನಪು ಇರುವುದಿಲ್ಲ. ಎಲ್ಲ ಔಷಧವೂ ಹೀಗಲ್ಲ. ಇದೇ ಜಾತಿಯ ಲೋರಾಜೆಪಾಮ್ ಈ ಒಳಗಿನ ನೆನಪನ್ನೂ ಕೆಡಿಸುತ್ತದೆ.

ಜೊತೆಗೆ ಒಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಯಾಕೆ ಹಟ ಹಿಡಿಯುತ್ತಾರೆ ಎಂದು ಈಗ ಗೊತ್ತಾಯಿತು. ಡಾಕ್ಟರ್ ಕಾಫಿ ಬೇಡ ಅಂದೇ ಇಲ್ಲ ಎಂದು ಅಪ್ಪ ಇವತ್ತಿಗೂ ವಾದ ಮಾಡುತ್ತಾರೆ. ಚೀಟಿ ತೋರಿಸಿದರೆ, ಅಕ್ಷರ ಓದಕ್ಕಾಗಲ್ಲ ಅನ್ನುತ್ತಾರೆ.