ಅಪ್ಪಾ ಉಂಡಾನೇನ್ರಿ?

14 ಮೇ 2021, ಶುಕ್ರವಾರ
ವಿದ್ಯಾನಗರ, ಹುಬ್ಬಳ್ಳಿ. ರಾತ್ರಿ 11.20

ಬಸವ ಜಯಂತಿ, ಅಕ್ಷಯ ತದಿಗೆ, ರಂಜಾನ್. ಮೂರೂ ಇವತ್ತೇ. ಬೇರೆ ವರ್ಷ ಆಗಿದ್ದರೆ ದುರ್ಗದಬೈಲಿನಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಈ ಸಲ ಕೋವಿಡ್ ಲಾಕ್‌ಡೌನ್. ಬೆಳಗ್ಗೆ ಕೋವಿಡ್ ವಾರ್ಡಿನ ಡ್ಯೂಟಿಗೆ ಹೋಗುವಾಗ ಚೆನ್ನಮ್ಮ ಸರ್ಕಲ್‌ನಲ್ಲಿ ಕಂಡಿದ್ದು ಇಬ್ಬರು ಪೊಲೀಸರು, ಒಂದು ಆಕಳು.

ನಿನ್ನೆಯದನ್ನು ಮೊದಲು ಬರೆದುಬಿಡುತ್ತೇನೆ. ನಿನ್ನೆ ಬರೆಯೋಕೆ ಆಗಲಿಲ್ಲ.

ಮಧ್ಯಾಹ್ನ ಮೂರನೇ ಬೆಡ್‌ನ ಹೆಣ್ಣುಮಗಳು ತೀರಿಕೊಂಡರು. ಶ್ವಾಸಕೋಶ ಎಷ್ಟು ಕೆಟ್ಟಿದೆ ಅಂತ ಹೇಳೋ ಸಿಟಿ ಸ್ಕೋರ್ 25ಕ್ಕೆ 21 ಇತ್ತು, ಬಂದಿದ್ದೇ ತಡವಾಗಿ. ಮನೆಯವರಿಗೆ ಫೋನ್ ಮಾಡೋ ಪಾಳಿ ನನ್ನದು. ಆಕ್ಸಿಜನ್ ಎಷ್ಟಿತ್ತು, ಬೈಪ್ಯಾಪ್ (ಮಾಸ್ಕ್‌ನಿಂದ ಗಾಳಿ ಒತ್ತಿ ಕೊಡೋ ಮಷೀನು) ಯಾವಾಗ ಹಚ್ಚಿದೆವು, ಹೃದಯ ಎಷ್ಟು ಗಂಟೆಗೆ ನಿಂತಿತು, ಎಲ್ಲಾ ಹೇಳಿದೆ. ಗಂಡ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಇಷ್ಟೇ: "ಮುಂಜಾನೆ ಏನರ ಉಂಡಿದ್ಲೇನ್ರಿ?"

ನನಗೆ ಗೊತ್ತಿರಲಿಲ್ಲ. ಕೇಸ್ ಶೀಟ್‌ನಲ್ಲಿ ಗಂಟೆಗೊಂದು ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಎಷ್ಟು ಅನ್ನೋದು) ಇದೆ, ಶುಗರ್ ಇದೆ, ಎಷ್ಟು ಮೂತ್ರ ಹೋಯಿತು ಅನ್ನೋದೂ ಇದೆ. ಊಟದ ಮುಂದೆ ಮಾತ್ರ 'ಕೊಡಲಾಗಿದೆ' ಅಂತ ಒಂದು ಟಿಕ್. ಕೊಟ್ಟಿದ್ದು ಸರಿ, ತಿಂದರಾ? "ಹ್ಞೂನ್ರಿ, ಉಂಡಿದ್ರು" ಅಂದುಬಿಟ್ಟೆ. "ಏನ್ ಉಂಡ್ಲು?" ಅಂದರು. "ಉಪ್ಪಿಟ್ಟು" ಅಂದೆ. ನಿನ್ನೆ ವಾರ್ಡಿಗೆ ಬಂದಿದ್ದು ಇಡ್ಲಿ.

ಹಾಗಾಗಿ ಇವತ್ತು ನಾಷ್ಟಾದ ಹೊತ್ತಿಗೆ ಸರಿಯಾಗಿ ಪಿಪಿಇ ಕಿಟ್ ಹಾಕಿಕೊಂಡು ಒಳಗೆ ಹೋಗಿ ಸುಮ್ನೆ ನಿಂತೆ. ಏಳನೇ ಬೆಡ್‌ನ ಅಜ್ಜ ಕುಂದಗೋಳ ಕಡೆಯವರು, ಮೆಣಸಿನಕಾಯಿ ಬೆಳೆಯೋರು. ಚೀಲ ಇರೋ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹೋಗ್ತಿದೆ. ಬೆರಳಿಗೆ ಸಿಕ್ಕಿಸಿದ ಮೀಟರ್ 92 ತೋರಿಸುತ್ತಿತ್ತು. ಮಾಸ್ಕ್ ಎತ್ತಿ ಒಂದು ತುತ್ತು ಇಡ್ಲಿ ಬಾಯಿಗಿಟ್ಟರು. 90. ಅಗಿಯುತ್ತಿದ್ದಾರೆ, 87. ನುಂಗುವಷ್ಟರಲ್ಲಿ 83. ಎದೆ ಏರಿಳಿಯೋಕೆ ಶುರುವಾಯಿತು. ಎರಡನೇ ತುತ್ತು ಕೈಯಲ್ಲೇ ಉಳಿಯಿತು. ತಾಟು ಪಕ್ಕಕ್ಕೆ ಸರಿಸಿ ಮಾಸ್ಕ್ ಹಾಕಿಕೊಂಡರು. "ಉಸಿರ ಬೇಕೋ ಕೂಳ ಬೇಕೋ ಅಂತ ಕೇಳತೈತಿ ಡಾಕ್ಟರವ್ವ, ಈ ಮಷೀನು" ಅಂದರು.

ಐದು ದಿನದಿಂದ ಇವರ ರೌಂಡ್ಸ್ ಮಾಡುತ್ತಿದ್ದೇನೆ. ಇದನ್ನು ನೋಡಿದ್ದು ಇವತ್ತೇ.

ಉಪಾಯ ಹೊಸದೇನಲ್ಲ, ಓದುವಾಗಲೇ ಕಲಿತಿದ್ದು. ಆರನೇ ಬೆಡ್ ರಾತ್ರಿ ಖಾಲಿಯಾಗಿತ್ತು (ಹನ್ನೊಂದಕ್ಕೆಲ್ಲ ತುಂಬಿತು). ಅದರ ಆಕ್ಸಿಜನ್ ಪಾಯಿಂಟ್‌ನಿಂದ ಸಣ್ಣ ನಳಿಗೆ ಎಳೆದು ಮೂಗಿಗೆ ಸಿಕ್ಕಿಸಿ 6 ಲೀಟರ್ ಬಿಟ್ಟೆ. ಮೇಲೆ ಮಾಸ್ಕ್ ಹಾಗೇ ಇತ್ತು. ಮಾಸ್ಕ್ ಎತ್ತು, ಚಮಚದಲ್ಲಿ ಚೂರು ಕೊಡು, ಮಾಸ್ಕ್ ಇಳಿಸು, ನಾಲ್ಕು ಉಸಿರು ಎಣಿಸು. ಇಡ್ಲಿ ಬಿಟ್ಟು ಮೆತ್ತಗಿನ ಗಂಜಿ ತರಿಸಿದೆ. ಈ ಸಲ 88ರ ಕೆಳಗೆ ಇಳಿಯಲಿಲ್ಲ. ಒಂದು ಬಟ್ಟಲಿಗೆ ಮೂವತ್ತೈದು ನಿಮಿಷ ಹಿಡಿಯಿತು. ಕನ್ನಡಕದೊಳಗೆ ಬೆವರು ಇಳಿದು ಕಣ್ಣು ಉರಿಯುತ್ತಿತ್ತು, ಒರೆಸಿಕೊಳ್ಳೋ ಹಾಗಿಲ್ಲ. ವಾರ್ಡಿನಲ್ಲಿ 24 ಜನ, ಇಬ್ಬರು ಸಿಸ್ಟರ್‌ಗಳು. ಎಲ್ಲರಿಗೂ ಹೀಗೆ ಉಣಿಸೋದು ಆಗದ ಮಾತು, ಗೊತ್ತು. ಆದರೆ ಆರು ಜನರಿಗೆ ಆಗಬಹುದು.

ಮಧ್ಯಾಹ್ನ ಅಜ್ಜನ ಮಗ ಗೇಟಿಗೆ ಬಂದು ಡಬ್ಬಿ ಕೊಟ್ಟು ಹೋಗಿದ್ದ. ಹೋಳಿಗೆ. ಲಾಕ್‌ಡೌನ್‌ನಲ್ಲಿ ಕುಂದಗೋಳದಿಂದ ಹೇಗೆ ಬಂದ ಅಂತ ನಾನು ಕೇಳಲಿಲ್ಲ. ಅಜ್ಜನಿಗೆ ಡಬ್ಬಿ ತೋರಿಸಿದರೆ ಮುಖ ಅರಳಿತು. "ಎತ್ತಿನ ಮೈ ತೊಳದಾರೋ ಇಲ್ಲೋ ಕೇಳ್ರಿ" ಅಂದರು.

ಈಗ ತಕರಾರು ಏನಪ್ಪಾ ಅಂದರೆ, ಅವರ ಶುಗರ್ 318. ಮೊದಲೇ ಸಕ್ಕರೆ ಕಾಯಿಲೆ, ಮೇಲೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ದಿನಾ 6 ಮಿಲಿಗ್ರಾಂ. ಶ್ವಾಸಕೋಶ ಉಳಿಸೋದೂ ಅದೇ, ಶುಗರ್ ಏರಿಸೋದೂ ಅದೇ. ಬ್ಲ್ಯಾಕ್ ಫಂಗಸ್ ಸುದ್ದಿ ಪೇಪರ್ ತುಂಬಾ ಇದೆ. ಶುಗರ್ ಜಾಸ್ತಿ, ಜೊತೆಗೆ ಸ್ಟಿರಾಯ್ಡ್, ಅದಕ್ಕೆ ಬೇಕಾಗಿದ್ದೇ ಇಷ್ಟು. ನಾನೇ ನಿನ್ನೆ ಜೂನಿಯರ್‌ಗಳಿಗೆ ಇದರ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದ್ದೆ.

ಅವರ ಇನ್ಸುಲಿನ್ ಡೋಸ್ ಸರಿಮಾಡಿ, ಅರ್ಧ ಹೋಳಿಗೆ ಹಾಲಿನಲ್ಲಿ ಕಿವುಚಿ ಚಮಚದಲ್ಲಿ ಉಣಿಸಿದೆ. ಜೂನಿಯರ್ ನನ್ನ ಮುಖ ನೋಡಿದ. ನೋಡಲಿ. ಐದು ದಿನ ಉಪವಾಸ ಇದ್ದವರಿಗೆ ಅರ್ಧ ಹೋಳಿಗೆ ಕೊಡಬಾರದು ಅನ್ನೋದಾದರೆ ನಾನು ಓದಿದ್ದು ಸಾಕು. ಎರಡು ಗಂಟೆ ಬಿಟ್ಟು ನೋಡಿದಾಗ ಶುಗರ್ 296. ಆಮೇಲೆ ಒಂದು ತಾಸು ಡಬ್ಬ ಮಕ್ಕೊಂಡರು, ಗೊಣಗದೇ. ಹಾಗೆ ಮಲಗಿದರೆ ಆಕ್ಸಿಜನ್ ಏರುತ್ತೆ. ದಿನಾ ಅದಕ್ಕೆ ಜಗಳ ಇರುತ್ತಿತ್ತು.

ಆಕ್ಸಿಜನ್ ಕಥೆ ದಿನಾ ಇದ್ದದ್ದೇ. ಜಂಬೋ ಸಿಲಿಂಡರ್‌ನಲ್ಲಿ 7000 ಲೀಟರ್. 15 ಲೀಟರ್ ಮಾಸ್ಕ್ ಒಂದಕ್ಕೇ ಹಾಕಿದರೂ ಎಂಟು ಗಂಟೆ ಪೂರ್ತಿ ಬರಲ್ಲ. ಮಂಗಳವಾರ ಜಮ್ಶೆಡ್‌ಪುರದಿಂದ 120 ಟನ್ ಹೊತ್ತು ಬೆಂಗಳೂರಿಗೆ ರೈಲು ಬಂತು ಅಂತ ಓದಿ ಖುಷಿಪಟ್ಟೆವು. ಆದರೆ ನಮ್ಮ ಗೋಡೌನ್‌ನಲ್ಲಿ ಸಂಜೆ ಇದ್ದಿದ್ದು ಹನ್ನೊಂದು ಸಿಲಿಂಡರ್. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೇ ರೋಗಿಗಳು ತೀರಿಕೊಂಡ ಆ ರಾತ್ರಿ ಆದ ಮೇಲೆ ನಮ್ಮಲ್ಲಿ ಎಲ್ಲರಿಗೂ ಹೋಗ್ತಾ ಬರ್ತಾ ಗೇಜ್ ನೋಡೋ ಚಟ ಹತ್ತಿದೆ. ಒಂಬತ್ತಕ್ಕೆ ಲೋಡ್ ಬಂತು ಅಂತ ಮೆಸೇಜ್.

ಸಂಜೆ ಆಂಬುಲೆನ್ಸ್ ಡ್ರೈವರ್ ಮನೆಯಿಂದ ದೊಡ್ಡ ಕ್ಯಾನ್‌ನಲ್ಲಿ ಸುರಕುಂಬಾ (ರಂಜಾನ್‌ನ ಶಾವಿಗೆ ಪಾಯಸ) ತಂದಿದ್ದ. ಈ ಸಲ ಈದ್ಗಾದಲ್ಲಿ ನಮಾಜ್ ಇಲ್ಲ, ಮನೆಯಲ್ಲೇ ಮಾಡಿ ಡ್ಯೂಟಿಗೆ ಬಂದಿದ್ದನಂತೆ. ಪಾರ್ಕಿಂಗ್‌ನಲ್ಲಿ ದೂರ ದೂರ ನಿಂತು ಕುಡಿದೆವು. ನನ್ನ ಬೆರಳು ಗ್ಲೌಸ್‌ನಲ್ಲಿ ನೆನೆದು ನೆನೆದು ಬೆಳ್ಳಗಾಗಿದ್ದವು, ಪೇಪರ್ ಕಪ್ಪಿನ ಬಿಸಿಯೇ ಗೊತ್ತಾಗಲಿಲ್ಲ.

ಆರಕ್ಕೆ ಫೋನ್ ಶುರು. ಅಜ್ಜನ ಮಗ ದಿನಾ ಕೇಳೋದು ಅದೇ: "ಅಪ್ಪಾ ಉಂಡಾನೇನ್ರಿ?" ಇಷ್ಟು ದಿನ ನಾನು ಅದಕ್ಕೆ ಸ್ಯಾಚುರೇಶನ್ ಹೇಳುತ್ತಿದ್ದೆ. ಇವತ್ತು ಹೇಳಿದೆ: ಮುಂಜಾನೆ ಒಂದು ಬಟ್ಟಲು ಗಂಜಿ, ಮಧ್ಯಾಹ್ನ ಅರ್ಧ ಹೋಳಿಗೆ, ಚೂರು ಅನ್ನ ಸಾರು. ಆಮೇಲೆ ಎತ್ತಿನ ಮೈ ತೊಳೆದರಾ ಅಂತ ಕೇಳಿದೆ. ಅವನು ಅತ್ತನೋ ನಕ್ಕನೋ, ತಿಳಿಯಲಿಲ್ಲ. "ತೊಳದೇವ್ರಿ, ಕೋಡಿಗೆ ಬಣ್ಣಾನೂ ಹಚ್ಚೇವಿ ಅಂತ ಹೇಳ್ರಿ" ಅಂದ. ಅಜ್ಜ ಪೂರ್ತಿ ಪಾರಾಗಿಲ್ಲ, ಇನ್ನೂ ನಾಲ್ಕೈದು ದಿನ ಏನೂ ಹೇಳೋಕಾಗಲ್ಲ ಅನ್ನೋದನ್ನೂ ಹೇಳಿಯೇ ಇಟ್ಟೆ.

ಮೂರನೇ ಬೆಡ್‌ನ ಗಂಡನ ನಂಬರ್ ಇನ್ನೂ ಫೋನಿನಲ್ಲಿದೆ. ಮಾಡಿ ಏನು ಹೇಳಲಿ, ಉಪ್ಪಿಟ್ಟಲ್ಲ ಇಡ್ಲಿ ಅಂತಲಾ?

ನಾನು ಮಹಡಿ ಮೇಲಿನ ರೂಮಿಗೆ ಬಂದು ಮೂರು ವಾರ ಆಯಿತು. ಅವ್ವ ಕೊನೇ ಮೆಟ್ಟಿಲ ಮೇಲೆ ತಾಟು ಇಟ್ಟು, ಕೆಳಗಿಳಿದು ಕೂಗುತ್ತಾಳೆ. ಮಗಳು ಅಂಗಳದಲ್ಲಿ ನಿಂತು ಬಿದ್ದ ಹಲ್ಲು ತೋರಿಸಿದಳು, ಎರಡನೆಯದು. ಕತ್ತಲಲ್ಲಿ ಕಾಣಲಿಲ್ಲ, ಕಂಡಿತು ಅಂದೆ.

ನಾಳೆ ಎಂಟಕ್ಕೆ ಡ್ಯೂಟಿ. ವಾರ್ಡಿನಲ್ಲಿ ಇರೋದು ಎರಡೇ ಚಮಚ. ಪಾತ್ರೆ ಅಂಗಡಿ ಎಲ್ಲಾ ಬಂದ್. ಅವ್ವನ ಅಡುಗೆಮನೆಯಿಂದ ಆರು ಸ್ಟೀಲ್ ಚಮಚ ಮೆಟ್ಟಿಲ ಮೇಲೆ ಇಡಿಸಿಕೊಂಡಿದ್ದೇನೆ. "ವಾಪಸ್ ತರಬ್ಯಾಡವ್ವಾ ಮತ್ತ" ಅಂದಳು.