ತಾರಸಿ ಕೆಳಗಿನ ಕೋಣೆ, ಒಂದು ನೋಟ್‌ಬುಕ್, ಒಂದು ಬಕೆಟ್

ದಿನ 1

ಮೇಲಿನ ಮಹಡಿಯ ಪಶ್ಚಿಮದ ಕೋಣೆ. ಹನ್ನೆರಡು ಚದರ ಮೀಟರ್ ನೆಲ, ತಲೆಯ ಮೇಲೆ ಐದು ಇಂಚಿನ ಕಾಂಕ್ರೀಟ್, ಸಂಜೆ ಬಿಸಿಲಿಗೆ ನೇರವಾಗಿ ಮುಖ ಕೊಟ್ಟ ಒಂದೂವರೆ ಚದರ ಮೀಟರ್ ಕಿಟಕಿ. ಹಳೆಯ ಒಂದು ಟನ್ ಎಸಿ ರಾತ್ರಿಯಿಡೀ ಏದುಸಿರು ಬಿಟ್ಟರೂ ಹನ್ನೊಂದು ಗಂಟೆಯವರೆಗೆ ಕಣ್ಣು ಮುಚ್ಚಲಾಗುವುದಿಲ್ಲ. ಅಂಗಡಿಯವರು ಕೋಣೆಯ ಉದ್ದಗಲವನ್ನಷ್ಟೇ ಕೇಳಿ, ‘ಒಂದೂವರೆ ಟನ್ ಹಾಕಿಸಿಬಿಡಿ’ ಎಂದರು. ಹಾಕಿಸುವ ಮೊದಲು ಈ ಸೆಕೆ ಎಲ್ಲಿಂದ ಬರುತ್ತಿದೆ ಎಂದು ನೋಡಿಯೇ ಬಿಡೋಣ ಎಂಬ ಹಟ ನನ್ನದು. ಒಂದು ನೋಟ್‌ಬುಕ್, ಗೋಡೆಗೆ ತೂಗುಹಾಕಿದ ಡಿಜಿಟಲ್ ಥರ್ಮಾಮೀಟರ್, ಎಸಿಯ ಪ್ಲಗ್‌ಗೆ ಸಿಕ್ಕಿಸಿದ ವಿದ್ಯುತ್ ಮೀಟರ್. ಇವಿಷ್ಟು ಬಂಡವಾಳ.

ಹೊರಗಿನ ಗರಿಷ್ಠ 37.6 ಡಿಗ್ರಿ. ಎಸಿ ಹಾಕದೆ ಬಿಟ್ಟಾಗ ಕೋಣೆಯ ಗಾಳಿ ಸಂಜೆ ಆರೂವರೆಗೆ 34.2. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಸಿ ತಿಂದಿದ್ದು 7.4 ಯೂನಿಟ್.

ದಿನ 4

ಮೂರು ದಿನದ ಅಂಕಿಗಳಲ್ಲಿ ಒಂದು ವಿಚಿತ್ರ ಕಂಡಿತು. ರಾತ್ರಿ ಎಂಟಕ್ಕೆ ಕೋಣೆಯ ಗಾಳಿಯನ್ನು ಎಸಿ 27 ಡಿಗ್ರಿಗೆ ಇಳಿಸಿದೆ. ಕೆಳಗಿನ ಹಜಾರದಲ್ಲಿ 30 ಇದೆ. ಆದರೆ ಹಾಯೆನಿಸುವುದು ಹಜಾರದಲ್ಲಿ.

ಅಮ್ಮ ಮೇಲೆ ಬಂದವರು ಮಂಚದ ಮೇಲೆ ಒರಗಿ, ಎರಡೂ ಅಂಗೈ ಮೇಲಕ್ಕೆತ್ತಿ ಹಿಡಿದರು. ‘ನೀನು ಗಾಳಿಯನ್ನು ಅಳೆಯುತ್ತಾ ಕೂತಿದ್ದೀಯ. ಬಿಸಿ ಬರುತ್ತಿರುವುದು ಮೇಲಿನಿಂದ ಕಣೋ, ಕೈ ಹಿಡಿದು ನೋಡು.’ ನಾನೂ ಹಿಡಿದೆ. ಅಂಗೈ ಮೇಲ್ಮುಖವಾಗಿದ್ದಾಗ ಒಲೆಯ ಎದುರು ಕೂತ ಹಾಗೆ. ನೆಲದ ಕಡೆಗೆ ತಿರುಗಿಸಿದರೆ ಏನೂ ಇಲ್ಲ. ಗಾಳಿ ಅದೇ, ಕೈ ಅದೇ. ಬಿಸಿ ಬರುತ್ತಿದ್ದದ್ದು ಸೂರಿನಿಂದ, ಅದೂ ಗಾಳಿಯ ನೆರವಿಲ್ಲದೆ, ವಿಕಿರಣವಾಗಿ.

ನಮ್ಮ ಮೈಗೆ ತಾಗುವ ತಾಪ, ಗಾಳಿಯ ಉಷ್ಣಾಂಶ ಮತ್ತು ಸುತ್ತಲಿನ ಮೇಲ್ಮೈಗಳ ಉಷ್ಣಾಂಶ ಇವೆರಡರ ಸರಾಸರಿಗೆ ಹತ್ತಿರವಿರುತ್ತದೆ ಎಂಬುದನ್ನು ನಾನು ಎಲ್ಲೋ ಓದಿದ್ದೆ, ಓದಿ ಮರೆತಿದ್ದೆ. ಗೋಡೆಯ ಥರ್ಮಾಮೀಟರ್‌ಗೆ ಈ ಅರ್ಧ ಲೆಕ್ಕ ಗೊತ್ತೇ ಆಗುವುದಿಲ್ಲ. ಮುಟ್ಟದೆಯೇ ಮೇಲ್ಮೈಯ ಉಷ್ಣಾಂಶ ಹೇಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ತರಿಸಿದೆ.

ದಿನ 7

ಮಧ್ಯಾಹ್ನ ಎರಡಕ್ಕೆ ತಾರಸಿಯ ಮೇಲ್ಮೈ 60.8. ಆಗ ಸೂರಿನ ಒಳಮೈ ಕೇವಲ 36. ಸಂಜೆ ಆರಕ್ಕೆ ತಾರಸಿ ತಣಿಯುತ್ತಾ ಬಂದಿರುವಾಗ ಸೂರು 42.4! ಬಿಸಿ ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿದು ನಾಲ್ಕು ಗಂಟೆ ತಡವಾಗಿ ಕೋಣೆಗೆ ತಲುಪುತ್ತಿದೆ. ಸೂರ್ಯ ಮುಳುಗಿದ ಮೇಲೂ ಧಗೆ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಒರಟು ಲೆಕ್ಕ ಹಾಕಿದೆ. ಸೂರಿಗೂ ಕೋಣೆಗೂ ಹತ್ತು ಡಿಗ್ರಿ ಅಂತರ, ಹನ್ನೆರಡು ಚದರ ಮೀಟರ್, ಪ್ರತಿ ಚದರ ಮೀಟರ್‌ಗೆ ಪ್ರತಿ ಡಿಗ್ರಿಗೆ ಸುಮಾರು ಏಳು ವಾಟ್. ಒಟ್ಟು 840 ವಾಟ್. ಅಂದರೆ ನಾನು ಸೂರಿಗೆ ಹೀಟರ್ ಒಂದನ್ನು ತಲೆಕೆಳಗಾಗಿ ನೇತುಹಾಕಿ, ಅದು ಉರಿಯುತ್ತಿರುವಾಗಲೇ ಕೆಳಗೆ ಎಸಿ ಓಡಿಸುತ್ತಿದ್ದೇನೆ. ಒಂದು ಟನ್ ಎಸಿಯ ಪೂರ್ತಿ ತಾಕತ್ತು 3,500 ವಾಟ್ ಶಾಖವನ್ನು ಹೊರಗೆ ಹಾಕುವುದು. (ಈ ಟನ್ ಯಂತ್ರದ ತೂಕವಲ್ಲ. ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದಿಂದ ಬಂದ ಅಳತೆ: ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖ.) ಅದರಲ್ಲಿ ನಾಲ್ಕನೆಯ ಒಂದು ಭಾಗ ಸೂರಿಗೇ ಸಂದಾಯವಾಗುತ್ತಿದೆ.

ದಿನ 9

ತಾರಸಿಯ ಮೇಲೆ ಮೂರು ತುಂಡುಗಳನ್ನು ಬಿಸಿಲಿಗಿಟ್ಟೆ: ಬರೀ ಕಾಂಕ್ರೀಟ್ ಹಾಸು, ಪ್ರತಿಫಲನದ ಬಿಳಿ ಬಣ್ಣ ಬಳಿದ ಅದೇ ಹಾಸು, ಹೊಳೆಯುವ ಅಲ್ಯೂಮಿನಿಯಂ ತಗಡು. ಮಧ್ಯಾಹ್ನ ಯಂತ್ರ ಹಿಡಿದೆ. ಕಾಂಕ್ರೀಟ್ 59, ಬಿಳಿ 43, ತಗಡು 14.

ಹದಿನಾಲ್ಕು! ತಾರಸಿಯ ತುಂಬಾ ತಗಡು ಹಾಸಿಬಿಡುವ ಕನಸು ಕಾಣುತ್ತಾ ತಗಡನ್ನು ಎತ್ತಲು ಹೋದೆ. ಎರಡು ಬೆರಳು ಚುರ್ರೆಂದವು.

ತಪ್ಪು ತಗಡಿನದಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ವಸ್ತು ಹೊರಸೂಸುವ ವಿಕಿರಣವನ್ನು ಓದುತ್ತದೆ. ಹೊಳೆಯುವ ಲೋಹ ತನ್ನದನ್ನು ಹೆಚ್ಚುಕಡಿಮೆ ಸೂಸುವುದೇ ಇಲ್ಲ, ಕನ್ನಡಿಯಂತೆ ಆಕಾಶವನ್ನು ತೋರಿಸುತ್ತದೆ. ನಾನು ಅಳೆದದ್ದು ಆಕಾಶದ ತಂಪನ್ನು. ತಗಡಿನ ಒಂದು ಮೂಲೆಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಹತ್ತು ನಿಮಿಷ ಬಿಟ್ಟು ಟೇಪಿನ ಮೇಲೆ ಹಿಡಿದೆ: 56. ಬೆರಳು ಹೇಳಿದ್ದೇ ನಿಜ.

ಇದರಿಂದ ಇನ್ನೊಂದು ವಿಷಯವೂ ತಿಳಿಯಿತು. ತಗಡು ಬಿಸಿಲನ್ನು ಬಹುಪಾಲು ಹಿಂದಕ್ಕೆ ಕಳಿಸುತ್ತದೆ, ನಿಜ. ಆದರೆ ಹೀರಿದ ಸ್ವಲ್ಪವನ್ನೂ ಸೂಸಿ ಕಳೆದುಕೊಳ್ಳಲಾರದೆ ಒಳಗೊಳಗೇ ಕುದಿಯುತ್ತದೆ. ಬಿಳಿ ಬಣ್ಣ ಎರಡೂ ಕೆಲಸ ಮಾಡುತ್ತದೆ: ಬಿಸಿಲನ್ನು ತಿರುಗಿಸುತ್ತದೆ, ಹೀರಿದ್ದನ್ನು ಆಕಾಶಕ್ಕೆ ಸೂಸುತ್ತದೆ. ಬಿಳಿ ಬಣ್ಣವೇ ಎಂದು ತೀರ್ಮಾನವಾಯಿತು.

ದಿನ 16

ಬಣ್ಣ ಬಳಿದೆ. ಸೊಂಟ ಹೋಯಿತು.

ದಿನ 19

ಅಡ್ಡಮಳೆ. ಬೆಳಿಗ್ಗೆ ನೋಡಿದರೆ ನೀರು ಹೋಗುವ ಕೊಳವೆಯ ಹತ್ತಿರ ಬಣ್ಣ ಹಪ್ಪಳದಂತೆ ಎದ್ದಿದೆ. ಉಗುರಿನಿಂದ ಎತ್ತಿದರೆ ಬಣ್ಣದ ಹಿಂಬದಿಗೆ ಬೂದು ಪುಡಿ ಅಂಟಿಕೊಂಡು ಬಂತು. ನಾನು ತಾರಸಿಯನ್ನು ಗುಡಿಸಿದ್ದೆ, ಉಜ್ಜಿ ತೊಳೆದಿರಲಿಲ್ಲ. ಬಣ್ಣ ಹಿಡಿದುಕೊಂಡದ್ದು ಕಾಂಕ್ರೀಟನ್ನಲ್ಲ, ಅದರ ಮೇಲಿನ ದೂಳನ್ನು. ಎದ್ದಿದ್ದನ್ನೆಲ್ಲ ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ, ಎರಡು ದಿನ ಒಣಗಿಸಿ, ಮೊದಲು ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಅಡ್ಡಕ್ಕೆ ಇನ್ನೊಂದು ಕೈ. ಡಬ್ಬಿಯ ಮೇಲೆ ಇದೆಲ್ಲವನ್ನೂ ಬರೆದಿತ್ತು.

ದಿನ 27

ಮೊದಲ ದಿನದಂತೆಯೇ ಹೊರಗೆ 37 ದಾಟಿದ ದಿನಕ್ಕಾಗಿ ಕಾದೆ. ಬೇರೆ ಬೇರೆ ಹವೆಯ ದಿನಗಳನ್ನು ಹೋಲಿಸಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ.

ತಾರಸಿ ಮೇಲ್ಮೈ ಮಧ್ಯಾಹ್ನ 43.2. ಸೂರು ಸಂಜೆ ಆರಕ್ಕೆ 36.1; ಅಂದರೆ ಆರು ಡಿಗ್ರಿಗಿಂತ ಹೆಚ್ಚು ಇಳಿಕೆ. ಕೋಣೆಯ ಗಾಳಿ 32.6. ಗೋಡೆಯ ಥರ್ಮಾಮೀಟರ್ ಒಂದನ್ನೇ ನಂಬಿದ್ದರೆ ‘ಇಷ್ಟೆಲ್ಲ ಪಾಡುಪಟ್ಟು ಒಂದೂವರೆ ಡಿಗ್ರಿಯೇ?’ ಎಂದು ಬೇಸರಪಟ್ಟು ಸುಮ್ಮನಾಗುತ್ತಿದ್ದೆ. ಅಂಗೈ ಪರೀಕ್ಷೆಯಲ್ಲಿ ಮೇಲ್ಮುಖಕ್ಕೂ ಕೆಳಮುಖಕ್ಕೂ ಈಗ ಅಷ್ಟು ವ್ಯತ್ಯಾಸ ತಿಳಿಯುವುದಿಲ್ಲ. ಎಸಿಯನ್ನು 24ರ ಬದಲು 27ಕ್ಕೆ ಇಟ್ಟರೂ ನಿದ್ದೆ ಬರುತ್ತದೆ. ರಾತ್ರಿಯ ಖರ್ಚು 5.1 ಯೂನಿಟ್.

ದಿನ 33

ಕಿಟಕಿ. ಒಳಗೆ ದಪ್ಪ ಪರದೆ ಇತ್ತು, ಅದು ಸಾಕೆಂದುಕೊಂಡಿದ್ದೆ. ಸಂಜೆ ನಾಲ್ಕೂವರೆಗೆ ಪರದೆಯ ಮೈ 46 ಡಿಗ್ರಿ. ಬಿಸಿಲು ಗಾಜನ್ನು ದಾಟಿ ಬಂದು ಪರದೆಯನ್ನು ಕಾಯಿಸಿತು. ಕಾದ ಪರದೆ ಸೂಸುವ ಶಾಖಕ್ಕೆ ಗಾಜು ದಾರಿ ಬಿಡುವುದಿಲ್ಲ. ಕಳ್ಳನನ್ನು ಮನೆಯೊಳಗೆ ಬಿಟ್ಟುಕೊಂಡು ನಡುಮನೆಯ ಬಾಗಿಲು ಹಾಕಿದ ಹಾಗೆ. ಒತ್ತಾಗಿ ನೆಯ್ದ ತಿಳಿ ಬಣ್ಣದ ಬಟ್ಟೆಯನ್ನು ಕಿಟಕಿಯ ಹೊರಗೆ, ಗಾಜಿನಿಂದ ಒಂದು ಗೇಣು ದೂರದಲ್ಲಿ ಇಳಿಬಿಟ್ಟೆ, ನಡುವೆ ಗಾಳಿ ಆಡಲಿ ಎಂದು. ಮರುದಿನ ಅದೇ ಹೊತ್ತಿಗೆ ಒಳಪರದೆ 34. ಇಡೀ ಯೋಜನೆಯಲ್ಲಿ ಇಷ್ಟು ಅಗ್ಗದ, ಇಷ್ಟು ಬೇಗ ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ.

ಇದೇ ವಾರ ಹಳೆಯ ಫ್ಯಾನ್ ತೆಗೆದು ಬಿಎಲ್‌ಡಿಸಿ (ಬ್ರಷ್ ಇಲ್ಲದ, ಕಡಿಮೆ ವಿದ್ಯುತ್ ತಿನ್ನುವ) ಮೋಟಾರಿನದನ್ನು ಹಾಕಿದೆ. 74 ವಾಟ್ ಇದ್ದದ್ದು 29ಕ್ಕೆ ಇಳಿಯಿತು.

ದಿನ 41

ಗೆಳೆಯರೊಬ್ಬರಿಂದ ಏರ್ ಕೂಲರ್ ಎರವಲು ತಂದೆ. ಅದನ್ನು ಓಡಿಸುವ ಮೊದಲೇ ಅದರಿಂದ ಎಷ್ಟು ತಂಪು ಸಿಕ್ಕೀತು ಎಂದು ತಿಳಿಯಬಹುದು. ಸಾದಾ ಥರ್ಮಾಮೀಟರಿನ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಎದುರು ಹಿಡಿದರಾಯಿತು. ಪಾದರಸ ಇಳಿದು ಎಲ್ಲಿ ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಇಂಥ ಯಾವ ಕೂಲರೂ ಗಾಳಿಯನ್ನು ಇಳಿಸಲಾರದು. ಇಂದು ಹೊರಗೆ 37, ಒದ್ದೆ ಬುರುಡೆ 21. ಕೂಲರಿನಿಂದ ಬಂದ ಗಾಳಿ 23.8. ಒಂದು ಲೀಟರ್ ನೀರು ಆವಿಯಾಗುವಾಗ ಮುಕ್ಕಾಲು ಯೂನಿಟ್‌ಗೆ ತುಸು ಕಡಿಮೆ ಶಾಖವನ್ನು ಹೀರುತ್ತದೆ, ಅದೂ ಒಂದು ಫ್ಯಾನ್ ಮತ್ತು ಸಣ್ಣ ಪಂಪಿನ ಖರ್ಚಿನಲ್ಲಿ. ಒಂದೇ ಕರಾರು, ಕಿಟಕಿ ತೆರೆದಿರಬೇಕು. ಮುಚ್ಚಿಕೊಂಡು ಕೂತರೆ ಕೋಣೆಯ ತೇವ ಏರಿ ಅರ್ಧ ಗಂಟೆಯಲ್ಲಿ ಮೈ ಅಂಟಂಟಾಗುತ್ತದೆ.

ದಿನ 72

ಮಳೆಗಾಲ. ಹೊರಗೆ 31, ಒದ್ದೆ ಬುರುಡೆ 27. ಕೂಲರನ್ನು ಅದರ ಯಜಮಾನರಿಗೆ ಮರಳಿಸಿದೆ.

ಎಸಿಯ ನೀರು ಇಳಿಯುವ ಕೊಳವೆಯ ಕೆಳಗೆ ಸುಮ್ಮನೆ ಒಂದು ಬಕೆಟ್ ಇಟ್ಟಿದ್ದೆ, ಗೋಡೆ ಒದ್ದೆಯಾಗದಿರಲಿ ಎಂದು. ಬೆಳಿಗ್ಗೆ ಲೀಟರ್ ಪಾತ್ರೆಯಲ್ಲಿ ಅಳೆದರೆ ಆರು ಲೀಟರ್! ನೋಟ್‌ಬುಕ್ ತೆರೆದು ಕೂತೆ. ಆವಿಯಾಗುವಾಗ ನೀರು ಹೀರಿದ ಶಾಖವನ್ನು, ಆ ಆವಿ ಮತ್ತೆ ನೀರಾಗುವಾಗ ಎಸಿ ಹೊರಬೇಕು. ಆರು ಲೀಟರ್ ಎಂದರೆ ನಾಲ್ಕು ಯೂನಿಟ್ ಶಾಖ. ಕೋಣೆಯನ್ನು ಒಂದು ಡಿಗ್ರಿಯೂ ತಂಪು ಮಾಡದೆ, ಬರೀ ತೇವವನ್ನು ಹಿಂಡಲು ಸವೆದ ದುಡಿಮೆ ಅದು. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಮೊದಲ ಆಧುನಿಕ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ್ದು ಕೂಡ ಜನರ ಸುಖಕ್ಕಲ್ಲ, ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಅಕ್ಕಪಕ್ಕ ಸರಿಯುತ್ತಿದ್ದುದನ್ನು ತಪ್ಪಿಸಲು.

ಇಬ್ಬರು ಮಲಗುವ ಕೋಣೆಯಲ್ಲಿ ಆರು ಲೀಟರ್ ಉಸಿರು, ಬೆವರಿನಿಂದ ಬಂದಿರಲಾರದು. ಟಿಶ್ಯೂ ಕಾಗದದ ಒಂದು ಎಳೆಯನ್ನು ದಾರಕ್ಕೆ ಕಟ್ಟಿ ಬಾಗಿಲು, ಕಿಟಕಿಗಳ ಅಂಚಿನುದ್ದಕ್ಕೂ ಹಿಡಿಯುತ್ತಾ ಹೋದೆ. ಬಾಗಿಲ ಕೆಳಗೆ ಎಳೆ ಅಲುಗಿತು. ಎಸಿಯ ಕೊಳವೆಗಳು ಗೋಡೆಯನ್ನು ದಾಟುವ ತೂತಿನ ಬಳಿ ಬಾವುಟದಂತೆ ಪಟಪಟಿಸಿತು. ಆ ತೂತನ್ನು ಮೆತ್ತುವ ಗೋಜಿಗೆ ಅಳವಡಿಸಿದವರೂ ಹೋಗಿರಲಿಲ್ಲ, ಇಷ್ಟು ವರ್ಷ ನಾನೂ ನೋಡಿರಲಿಲ್ಲ. ಅಲ್ಲಿಗೆ ಪುಟ್ಟಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಕಿಟಕಿಗೆ ಫೋಮ್ ಪಟ್ಟಿ.

ದಿನ 75

ಬಕೆಟ್‌ನಲ್ಲಿ ಮೂರೂವರೆ ಲೀಟರ್. ಆದರೆ ಬೆಳಿಗ್ಗೆ ಎದ್ದಾಗ ತಲೆ ಭಾರ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಹೊಸ ಗಾಳಿಯಿಲ್ಲ. ಮಲಗುವ ಮುನ್ನ ಹತ್ತು ನಿಮಿಷ ಎಲ್ಲವನ್ನೂ ತೆರೆದಿಡುವುದು, ರಾತ್ರಿ ಕಿಟಕಿಯನ್ನು ಒಂದು ಬೆರಳಿನಷ್ಟು ಬಿಡುವುದು ಎಂದು ರಾಜಿಯಾದೆ. ಬಕೆಟ್ ನಾಲ್ಕು ಲೀಟರಿಗೆ ಬಂತು. ಇರಲಿ, ಆ ಅರ್ಧ ಲೀಟರ್ ಉಸಿರಾಟದ ಬಾಬ್ತು.

ದಿನ 98

ಹಳೆಯ ಎಸಿಯ ಕಂಪ್ರೆಸರ್ ಕೊನೆಗೂ ಕೈಕೊಟ್ಟಿತು. ಒಂದೂವರೆ ಟನ್ ತರಲಿಲ್ಲ; ಇನ್ವರ್ಟರ್ ಮಾದರಿಯ ಒಂದು ಟನ್ ತಂದೆ, ಚಳಿಗಾಲದಲ್ಲಿ ತಿರುಗುಮುರುಗಾಗಿ ಓಡಿ ಕೋಣೆಯನ್ನು ಬೆಚ್ಚಗಿಡುವಂಥದ್ದು. ಅಗತ್ಯಕ್ಕಿಂತ ದೊಡ್ಡ ಯಂತ್ರ ಐದೇ ನಿಮಿಷದಲ್ಲಿ ಗಾಳಿಯನ್ನು ತಂಪು ಮಾಡಿ ನಿಂತುಬಿಡುತ್ತದೆ. ತೇವ ಹಿಂಡಲು ಅದಕ್ಕೆ ವ್ಯವಧಾನವೇ ಇರುವುದಿಲ್ಲ. ಆಗ ಚಳಿಯೂ ಅಂಟೂ ಒಟ್ಟಿಗೆ.

ಹಳೆಯದಕ್ಕೆ ಎರಡೇ ಗತಿ: ಪೂರ್ತಿ ಓಟ, ಇಲ್ಲವೇ ನಿಲುಗಡೆ. ಹೊಸದು ಮೊದಲ ಇಪ್ಪತ್ತು ನಿಮಿಷ 900 ವಾಟ್ ಎಳೆದು, ಆಮೇಲೆ 250–300ರಲ್ಲಿ ಸದ್ದಿಲ್ಲದೆ ಓಡುತ್ತದೆ. ನಿಧಾನವಾಗಿ ಓಡುವಾಗ ಸಾಗಿಸುವ ಶಾಖ ಕಡಿಮೆ, ಒಳಗೂ ಹೊರಗೂ ಶಾಖ ದಾಟಿಸುವ ಕೊಳವೆ ಸುರುಳಿಗಳ ಅಗಲ ಮಾತ್ರ ಅಷ್ಟೇ. ಹಾಗಾಗಿ ಒಳಸುರುಳಿ ಅತಿಯಾಗಿ ತಣ್ಣಗಾಗಬೇಕಿಲ್ಲ, ಹೊರಸುರುಳಿ ಅತಿಯಾಗಿ ಕಾಯಬೇಕಿಲ್ಲ. ಕಂಪ್ರೆಸರ್ ಏರಬೇಕಾದ ದಿಬ್ಬವೇ ಗಿಡ್ಡವಾಗುತ್ತದೆ. ಸೂರು 42ರಲ್ಲಿ ಉರಿಯುತ್ತಿದ್ದರೆ ಇದೇ ಯಂತ್ರ ರಾತ್ರಿಯೆಲ್ಲ 900ರಲ್ಲೇ ದುಡಿಯಬೇಕಿತ್ತು. ರಾತ್ರಿಯ ಖರ್ಚು ಈಗ 2.5 ಯೂನಿಟ್.

ದಿನ 238

ಚಳಿ. ಹೊರಗೆ 8 ಡಿಗ್ರಿ. ಬಿಳಿ ತಾರಸಿಯ ಲೆಕ್ಕ ಈಗ ಉಲ್ಟಾ: ಹೋದ ವರ್ಷ ಈ ಹೊತ್ತಿನಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ ಬಿಸಿಲ ಬಿಸಿಯನ್ನೂ ಅದು ಆಕಾಶಕ್ಕೆ ಹಿಂದಿರುಗಿಸುತ್ತಿದೆ. ಬೇಸಿಗೆಯೇ ದೀರ್ಘವಾದ್ದರಿಂದ ನನಗೆ ಇದು ಲಾಭದ ವ್ಯವಹಾರ. ವರ್ಷದ ಬಹುಪಾಲು ಚಳಿಯಿರುವಲ್ಲಿ ಬಿಳಿ ಬಣ್ಣಕ್ಕಿಂತ ಸೂರಿಗೆ ಉಷ್ಣನಿರೋಧಕ ಪದರ ಹಾಕಿಸುವುದೇ ಮೇಲು. ಅದು ಎರಡೂ ಕಾಲಕ್ಕೆ ಆಗುತ್ತದೆ.

ನಿನ್ನೆ ಹಳೆಯ ಕಾಯಿಲ್ ಹೀಟರ್ ಮೂರು ಗಂಟೆ ಉರಿಸಿದೆ: 4.4 ಯೂನಿಟ್. ಇಂದು ಅದೇ ಮೂರು ಗಂಟೆ ಹೊಸ ಯಂತ್ರವನ್ನು ಬಿಸಿಗೆ ತಿರುಗಿಸಿ ಅದೇ ಉಷ್ಣಾಂಶಕ್ಕೆ ನಿಲ್ಲಿಸಿದೆ: 1.5 ಯೂನಿಟ್. ಕಾಯಿಲ್ ಒಂದು ಯೂನಿಟ್ ತಿಂದು ಒಂದು ಯೂನಿಟ್ ಶಾಖವನ್ನಷ್ಟೇ ಕೊಡಬಲ್ಲದು. ಹೀಟ್ ಪಂಪ್ (ಬಿಸಿಗೆ ತಿರುಗಿಸಿದ ಎಸಿ ಎಂದರೆ ಅದೇ) ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ತಣ್ಣನೆಯ ಗಾಳಿಯಲ್ಲೂ ಇರುವುದನ್ನು ಬಾಚಿ ಒಳಗೆ ಹೊತ್ತು ತರುತ್ತದೆ. ಹೀಗೆ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ಭೌತವಿಜ್ಞಾನಿ ಕೆಲ್ವಿನ್ 1852ರಲ್ಲೇ ಬರೆದಿದ್ದ.

ಬೆಳಿಗ್ಗೆ ಅಭ್ಯಾಸಬಲದಿಂದ ಬಕೆಟ್ ನೋಡಲು ಹೋದೆ. ಒಣಗಿತ್ತು. ಹೊರಗಿನ ಯಂತ್ರದ ಕೆಳಗೆ ನೆಲದಲ್ಲಿ ನೀರು ನಿಂತಿತ್ತು; ಈಗ ತಣ್ಣಗಿರುವುದು ಹೊರಸುರುಳಿ, ತೇವ ಇಳಿಯುವುದೂ ಅಲ್ಲೇ. ಬಕೆಟನ್ನು ಅಲ್ಲಿಗೆ ಸರಿಸಿ ಇಟ್ಟು ಬಂದಿದ್ದೇನೆ.